ಒಂದೇ ಸಾಬೂನು, ಎರಡು ಮಣ್ಣು

ಮಳೆಗಾಲದಲ್ಲಿ ಹುಮನಾಬಾದ್, ಬಸವಕಲ್ಯಾಣದ ಕಡೆ ಹೊಲಗಳ ನಡುವೆ ಓಡಾಡಿ ಬಂದವರ ಧೋತರದ ಅಂಚು ನೋಡಬೇಕು. ಎರಡು ಬಣ್ಣದ ಕೆಸರು ಸಿಡಿದಿರುತ್ತದೆ. ದಿಬ್ಬದ ಮೇಲೆ ಹಾದಾಗ ಕೆಂಪು, ತಗ್ಗಿಗಿಳಿದಾಗ ಕಪ್ಪು. ಕರಿಮಣ್ಣು ಒಣಗಿದ ಮೇಲೆ ಝಾಡಿಸಿದರೆ ಅರ್ಧ ಉದುರುತ್ತದೆ, ಉಳಿದದ್ದು ಎರಡನೆಯ ನೀರಿಗೆ ಹೋಗುತ್ತದೆ. ಕೆಂಪು ಹಾಗಲ್ಲ. ಮೂರು ಸಲ ತಿಕ್ಕಿ ಕಲ್ಲಿಗೆ ಬಡಿದರೂ ತೆಳ್ಳಗೆ ಉಳಿದುಬಿಡುತ್ತದೆ. ಸಾಬೂನು ಅದೇ, ನೀರು ಅದೇ, ಕೈಯೂ ಅದೇ. ಬೇರೆಯಾದದ್ದು ಮಣ್ಣೊಂದೇ.

ಸಾಬೂನಿನ ಜಾಹೀರಾತುಗಳೆಲ್ಲ ಸಾಬೂನಿನ ಶಕ್ತಿಯನ್ನೇ ಹೇಳುತ್ತವೆ, ಮಣ್ಣಿನ ಮಾತೆತ್ತುವುದಿಲ್ಲ. ಆದರೆ ಕಲ್ಲಿನ ಮೈಗೂ ಸಾಬೂನಿನಂಥ ವಸ್ತುಗಳಿಗೂ ನಡುವಿನ ನಂಟನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಬೆದಕಿದ ವಿಜ್ಞಾನ ಹೇಳುವುದು ಬೇರೆಯನ್ನೇ. ಸಾಬೂನಿನ ಅಣು ಕಲ್ಲಿಗೆ ಹತ್ತಬೇಕೋ ಬೇಡವೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ಕಲ್ಲು, ಮತ್ತು ಆ ಕಲ್ಲು ನಿಂತಿರುವ ನೀರು. ಇದನ್ನು ಕಲಿಸಲು ಬೀದರ್ ಜಿಲ್ಲೆಯ ಈ ಎರಡು ತಾಲ್ಲೂಕುಗಳಿಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಇಲ್ಲಿ ಎರಡು ವಿರುದ್ಧ ಸ್ವಭಾವದ ಮಣ್ಣುಗಳು ಒಂದರ ಬದುವಿಗೆ ಒಂದು ಆತುಕೊಂಡು ಮಲಗಿವೆ.

ಮೊದಲು ಪಾತ್ರಧಾರಿಯ ಪರಿಚಯ. ಸಾಬೂನು, ಬಟ್ಟೆ ಪುಡಿ, ಶಾಂಪೂ, ಅಂಟುವಾಳದ ನೊರೆ, ಇವುಗಳ ಒಳಗೆಲ್ಲ ಒಂದೇ ಬಗೆಯ ಅಣು ಕೆಲಸ ಮಾಡುತ್ತದೆ. ಅದಕ್ಕೆ ಸರ್ಫ್ಯಾಕ್ಟಂಟ್ ಎಂದು ಹೆಸರು. ಅದರ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ನೀರು ಆಗಿಬರುವುದಿಲ್ಲ. ಬೇಕೆನ್ನುವ ತುದಿಯನ್ನು ತಲೆ ಎನ್ನೋಣ, ಬೇಡವೆನ್ನುವ ಉದ್ದನೆಯ ಕೊಬ್ಬಿನ ಸರಪಳಿಯನ್ನು ಬಾಲ. ಬಟ್ಟೆ ಪುಡಿಯ ಅಣುವಿನ ತಲೆ ಋಣ ಆವೇಶದ್ದು. ಆಸ್ಪತ್ರೆಯ ನೆಲ ಒರೆಸುವ ಕೆಲವು ದ್ರಾವಣಗಳದ್ದು, ಕೂದಲಿಗೆ ಹಚ್ಚುವ ಕಂಡಿಷನರ್‌ನದ್ದು ಧನ ಆವೇಶ. ಅಂಟುವಾಳದ ಸಪೋನಿನ್ ಅಣುವಿನ ತಲೆಯಲ್ಲಿ ಬಹುಮಟ್ಟಿಗೆ ಯಾವ ಆವೇಶವೂ ಇಲ್ಲ.

ಈ ಅಣುಗಳು ಖನಿಜದ ಮೈಮೇಲೆ ಹೋಗಿ ಕೂರುವುದಕ್ಕೆ ಪಠ್ಯಪುಸ್ತಕ ಅಧಿಶೋಷಣೆ ಎನ್ನುತ್ತದೆ. ಪದ ಭಾರವಾಯಿತು. ನಮ್ಮ ಕಡೆಯ ಮಾತಿನಲ್ಲಿ ಅದು ‘ಹತ್ತೋದು’. ಇಟ್ಟಿಗೆ ನೀರು ಕುಡಿದರೆ ಅದು ಹೀರಿದ್ದು, ನೀರು ಒಳಕ್ಕೆ ಹೋಯಿತು. ಕನ್ನಡಿಗೆ ಎಣ್ಣೆಗೈ ಹತ್ತಿದರೆ ಅದು ಮೈಮೇಲಷ್ಟೇ ಕೂತಿತು, ಆದರೂ ಮುಖ ಕಾಣದಂತೆ ಮಾಡಿತು. ಹತ್ತುವ ಪದರ ಎಷ್ಟು ತೆಳುವೆಂದರೆ, ಒಂದು ಚದರ ಮೀಟರ್ ಮೈಯನ್ನು ಒಂದು ಸುತ್ತು ಮುಚ್ಚಲು ಸುಮಾರು 1 ಮಿಲಿಗ್ರಾಂ ಸಾಕು. ಅಷ್ಟರಿಂದಲೇ ನೀರಲ್ಲಿ ಮುಳುಗುತ್ತಿದ್ದ ಕಲ್ಲಿನ ಪುಡಿ ಗುಳ್ಳೆಗೆ ಅಂಟಿ ತೇಲುತ್ತದೆ, ಮುದ್ದೆಗಟ್ಟುತ್ತಿದ್ದದ್ದು ಬಿಡಿಬಿಡಿಯಾಗುತ್ತದೆ, ನೀರು ಕುಡಿಯುತ್ತಿದ್ದದ್ದು ನೀರನ್ನು ದೂಡುತ್ತದೆ.

ಈ ತೆಳು ಪದರಗಳನ್ನು ಅಳೆಯುವ ವಿದ್ಯೆಯ ಒಂದು ಮುಖ್ಯ ಬೇರು ಅಡುಗೆಮನೆಯಲ್ಲಿದೆ. ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಆಗ್ನೆಸ್ ಪಾಕೆಲ್ಸ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ತಂದೆತಾಯಿಯರ ಆರೈಕೆ, ಪಾತ್ರೆ ತೊಳೆಯುವುದು, ಇದರ ನಡುವೆಯೇ ಜಿಡ್ಡು ನೀರಿನ ಮೈಯನ್ನು ಹೇಗೆ ಬದಲಿಸುತ್ತದೆಂದು ತಗಡಿನ ತೊಟ್ಟಿಯೊಂದರಲ್ಲಿ ಅಳೆದರು. ಭೌತವಿಜ್ಞಾನಿ ಲಾರ್ಡ್ ರೇಲೀಗೆ ಬರೆದ ಅವರ ಕಾಗದ 1891ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಬಗೆಯ ತೊಟ್ಟಿಯನ್ನು ಸುಧಾರಿಸಿಕೊಂಡು ಮೇಲ್ಮೈ ರಸಾಯನದಲ್ಲಿ ಕೆಲಸ ಮಾಡಿದ ಇರ್ವಿಂಗ್ ಲ್ಯಾಂಗ್‌ಮ್ಯೂರ್‌ಗೆ 1932ರಲ್ಲಿ ನೊಬೆಲ್ ಬಂತು. ತೊಟ್ಟಿಗೆ ಇವತ್ತಿಗೂ ಹೆಚ್ಚಿನವರು ಹೇಳುವ ಹೆಸರು ಲ್ಯಾಂಗ್‌ಮ್ಯೂರ್‌ನದೇ.

ಇನ್ನು ಕಲ್ಲಿನ ಕಡೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ದಖ್ಖನ್ ಲಾವಾ ಗಟ್ಟಿಯಾಗಿ ಆದ ಕಪ್ಪು ಶಿಲೆಯೇ ಇಲ್ಲಿನ ತಳಪಾಯ. ದಿಬ್ಬಗಳ ನೆತ್ತಿಯಲ್ಲಿ ಆ ಶಿಲೆ ಮಳೆ ಬಿಸಿಲಿಗೆ ಕೊಳೆತು, ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಜಂಬಿಟ್ಟಿಗೆಯಾಯಿತು. ಬಸವಕಲ್ಯಾಣದ ದಕ್ಷಿಣಕ್ಕೆ ಸಿಲಿಕಾ ಹೆಚ್ಚಿರುವ ಬಾಕ್ಸೈಟ್, ಬೀದರ್ ಹತ್ತಿರದ ಕಮಠಾಣದಲ್ಲಿ ಬಿಳಿ ಜೇಡಿ ಗುರುತಿಸಿರುವುದು ಇದೇ ಕತೆಯ ಮುಂದುವರಿಕೆ. ತಗ್ಗಿನಲ್ಲಿ ಮಾತ್ರ ಅದೇ ಕಪ್ಪು ಶಿಲೆ ಬೇರೆ ಹಾದಿ ಹಿಡಿಯಿತು. ತೊಳೆದುಹೋಗದೆ ಉಳಿದ ಸಿಲಿಕಾ, ಮೆಗ್ನೀಸಿಯಂ, ಕ್ಯಾಲ್ಸಿಯಂ ಸೇರಿ ಎರೆಮಣ್ಣಾಯಿತು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ, ಮಳೆಗೆ ಉಬ್ಬುವ ಮಣ್ಣು. ಒಂದೇ ತಾಯಿಯ ಎರಡು ಮಕ್ಕಳು, ಗುಣ ಉತ್ತರ ದಕ್ಷಿಣ.

ಗುಣದ ಗುಟ್ಟು ಆವೇಶದಲ್ಲಿದೆ. ಆಕ್ಸೈಡ್ ಖನಿಜ ನೀರಿಗೆ ಬಿದ್ದರೆ ಅದರ ಮೈಮೇಲೆ ಹೈಡ್ರಾಕ್ಸಿಲ್ ಗುಂಪುಗಳು ಮೊಳೆಯುತ್ತವೆ. ನೀರು ಹುಳಿಯಾಗಿದ್ದರೆ ಅವು ಪ್ರೋಟಾನ್ ಪಡೆದು ಮೈ ಧನವಾಗುತ್ತದೆ, ನೀರು ಕ್ಷಾರವಾಗಿದ್ದರೆ ಪ್ರೋಟಾನ್ ಬಿಟ್ಟುಕೊಟ್ಟು ಋಣವಾಗುತ್ತದೆ. ಎರಡೂ ಸರಿಸಮವಾಗುವ ಪಿಎಚ್ ಒಂದೊಂದು ಖನಿಜಕ್ಕೆ ಒಂದೊಂದು. ಬೆಣಚುಕಲ್ಲಿಗೆ ಅದು ಸುಮಾರು 2. ಜಂಬಿಟ್ಟಿಗೆಯ ಕಬ್ಬಿಣದ ಆಕ್ಸೈಡುಗಳಿಗೆ 7ರಿಂದ 9ರ ಆಸುಪಾಸು, ಅಲ್ಯೂಮಿನಾಕ್ಕೆ ಸುಮಾರು 9. ಕೆಂಪು ಮಣ್ಣು ಸಾಮಾನ್ಯವಾಗಿ ತುಸು ಹುಳಿ. ಹಾಗಾಗಿ ಅದರೊಳಗಿನ ಆಕ್ಸೈಡ್ ಕಣಗಳ ಮೈ ಧನ. ಎರೆಮಣ್ಣಿನ ಮಾಂಟ್‌ಮೊರಿಲ್ಲೊನೈಟ್ ಜೇಡಿಯ ಲೆಕ್ಕ ಬೇರೆ. ಅದರ ಹಾಳೆಗಳ ಒಳಗೆ ಅಲ್ಯೂಮಿನಿಯಂ ಇರಬೇಕಾದ ಕಡೆ ಅಲ್ಲಲ್ಲಿ ಮೆಗ್ನೀಸಿಯಂ ಕೂತಿರುವುದರಿಂದ ಹಾಳೆಯ ಮೈಗೆ ಬಂದ ಋಣ ಆವೇಶ ಪಿಎಚ್ ಏನೇ ಆದರೂ ಅಳಿಯುವುದಿಲ್ಲ.

ಈಗ ಧೋತರದ ಕಲೆ ಬಿಡಿಸಿಕೊಳ್ಳುತ್ತದೆ. ಹತ್ತಿಯ ನೂಲು ನೀರಿನಲ್ಲಿ ಋಣ. ಎರೆಮಣ್ಣೂ ಋಣ. ಒಂದನ್ನೊಂದು ದೂಡುತ್ತವೆ. ಕೆಂಪು ಕಣ ಧನ, ಅದರ ಮೇಲೆ ಅತಿ ಸಣ್ಣದು. ನೂಲಿನ ಎಳೆಗಳ ನಡುವೆ ಹೊಕ್ಕು ಹಿಡಿದು ಕೂರುತ್ತದೆ. ಅದನ್ನು ಬಿಡಿಸಬೇಕಾದರೆ ಅದರ ಆವೇಶವನ್ನೇ ತಿರುಗಿಸಬೇಕು.

ಇದನ್ನು ಮಡಿವಾಳರು ಬಹಳ ಹಿಂದೆಯೇ ಬಲ್ಲರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡುತ್ತಿದ್ದ, ದೇವರ ಹಿಪ್ಪರಗಿಯಿಂದ ಬಂದ ಮಡಿವಾಳ ಮಾಚಿದೇವರನ್ನು ನಾವು ಭಕ್ತಿಗಾಗಿ, ನಿಷ್ಠುರಕ್ಕಾಗಿ ನೆನೆಯುತ್ತೇವೆ. ಅವರ ಕಸುಬಿನೊಳಗಿದ್ದ ರಸಾಯನವನ್ನು ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ. ನಮ್ಮ ನಾಡಿನ ಮಡಿವಾಳರು ತಲೆಮಾರುಗಳಿಂದ ಮಾಡುತ್ತಿದ್ದದ್ದು ಇಷ್ಟು: ಕೊಳೆ ಬಟ್ಟೆಯನ್ನು ಸವಳು ಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಆಮೇಲೆ ಕಲ್ಲಿಗೆ ಬಡಿಯುವುದು. ಸವಳಿನಲ್ಲಿರುವುದು ಮುಖ್ಯವಾಗಿ ಸೋಡಾ. ಅದು ನೀರಿನ ಪಿಎಚ್ ಅನ್ನು 10ರ ಆಚೆಗೆ ಒಯ್ಯಬಲ್ಲದು. ಅಲ್ಲಿ ಕಬ್ಬಿಣದ ಆಕ್ಸೈಡ್ ಕೂಡ ಋಣವಾಗಿ ನೂಲನ್ನು ಬಿಡುತ್ತದೆ. ಬಟ್ಟೆಯ ಜಿಡ್ಡಿನ ಒಂದಿಷ್ಟು ಭಾಗ ಅದೇ ಕ್ಷಾರದೊಂದಿಗೆ ಬೆರೆತು ಅಲ್ಲೇ ಸಾಬೂನಾಗುತ್ತದೆ. ಹೊಸ ಸಾಬೂನಿನ ಅಣುಗಳು ಬಿಟ್ಟ ಕಣಗಳ ಮೈಗೆ ಹತ್ತಿ, ಅವು ಮರಳಿ ಬಟ್ಟೆಗೆ ಕೂರದಂತೆ ತಡೆಯುತ್ತವೆ. ಇವತ್ತಿನ ಬಟ್ಟೆ ಪುಡಿಯ ಪೊಟ್ಟಣದಲ್ಲೂ ಸೋಡಾ ತೂಕಕ್ಕೆ ಕಡಿಮೆಯಿರುವುದಿಲ್ಲ. 1959ರಲ್ಲಿ ಸರ್ಫ್ ಬಂತು, 1969ರಲ್ಲಿ ಅಹಮದಾಬಾದಿನಿಂದ ನಿರ್ಮಾ ಹೊರಟಿತು. ಹೆಸರು, ವಾಸನೆ ಬದಲಾದವು, ಸವಳಿನ ತತ್ತ್ವ ಹಾಗೇ ಉಳಿಯಿತು.

ವಿಜ್ಞಾನ ಇಲ್ಲಿಗೆ ಬಂದ ದಾರಿಯಲ್ಲಿ ಬೆಂಗಳೂರಿನ ಹೆಜ್ಜೆಗುರುತೂ ಇದೆ. ಕೇರಳದಲ್ಲಿ ಹುಟ್ಟಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹವಿಜ್ಞಾನ ಓದಿ 1961ರಲ್ಲಿ ಪದವಿ ಪಡೆದ ಪೊನ್ನಿಸೇರಿಲ್ ಸೋಮಸುಂದರನ್ ಅಮೆರಿಕದ ಬರ್ಕ್ಲಿಗೆ ಹೋಗಿ ಡಗ್ಲಸ್ ಫ್ಯೂರ್ಸ್ಟೆನೌ ಬಳಿ ಸಂಶೋಧನೆ ಮಾಡಿದರು. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಈ ಕ್ಷೇತ್ರದ ದೊಡ್ಡ ಹೆಸರಾದರು. ಗುರುಶಿಷ್ಯರು 1966ರಲ್ಲಿ ಪ್ರಕಟಿಸಿದ ಪ್ರಬಂಧ ಅಲ್ಯೂಮಿನಾದ ಮೈಗೆ ಋಣ ತಲೆಯ ಸರ್ಫ್ಯಾಕ್ಟಂಟ್ ಹೇಗೆ ಹತ್ತುತ್ತದೆ ಎಂಬುದರ ಬಗ್ಗೆ. ನಮ್ಮ ದಿಬ್ಬಗಳ ಬಾಕ್ಸೈಟಿಗೆ ಹತ್ತಿರದ ನೆಂಟ ಅಲ್ಯೂಮಿನಾ. ಹೀಗಾಗಿ ಈ ಪ್ರಬಂಧವನ್ನು ನಮ್ಮೂರಿನದೆಂದೇ ಓದಬಹುದು.

ಆ ಕೆಲಸದಿಂದ ಬೆಳೆದ ಚಿತ್ರದಲ್ಲಿ ಹತ್ತುವುದಕ್ಕೆ ನಾಲ್ಕು ಹಂತ. ಹುಮನಾಬಾದ್ ಪಕ್ಕದ ಮಾಣಿಕನಗರದ ಜಾತ್ರೆಗೆ ಜನ ಸೇರುವ ಬಗೆಯನ್ನು ನೆನೆದರೆ ತಿಳಿಯುತ್ತದೆ. ಮೊದಲು ಬಂದವರು ಒಬ್ಬೊಬ್ಬರೇ ಒಂದೊಂದು ಕಂಬಕ್ಕೆ ಒರಗುತ್ತಾರೆ. ಇಲ್ಲಿ ಸೆಳೆತ ಕಂಬದ್ದು, ಅಂದರೆ ಧನ ಮೈಯದ್ದು. ಜನ ಹೆಚ್ಚಾದಂತೆ ಪರಿಚಯದವರು ಪರಿಚಯದವರ ಪಕ್ಕಕ್ಕೆ ಬಂದು ಕೂರುತ್ತಾರೆ, ಗುಂಪು ತಟಕ್ಕನೆ ಬೆಳೆಯುತ್ತದೆ. ಇಲ್ಲಿ ಸೆಳೆತ ಬಾಲಕ್ಕೆ ಬಾಲದ್ದು. ನೀರು ಬೇಡದ ಬಾಲಗಳು ಒಂದಕ್ಕೊಂದು ಅಪ್ಪಿಕೊಳ್ಳುತ್ತವೆ, ಹತ್ತುವ ಪ್ರಮಾಣ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಮೂರನೆಯ ಹಂತದಲ್ಲಿ ಕಂಬಗಳೆಲ್ಲ ಭರ್ತಿಯಾಗಿ, ಮೈಯ ಧನವೆಲ್ಲ ಮುಚ್ಚಿ ಋಣಕ್ಕೆ ತಿರುಗಿರುತ್ತದೆ. ಹೊಸಬರು ಒಳ ನುಗ್ಗಲು ಹೆಣಗಬೇಕು. ಕೊನೆಗೆ ಒಳಗೆ ಜಾಗವೇ ಉಳಿಯದೆ ಹೊರಗೇ ಬಯಲಲ್ಲಿ ಗುಂಪುಗುಂಪಾಗಿ ಕೂರುತ್ತಾರೆ. ನೀರಿನಲ್ಲೇ ಉಂಡೆಗಟ್ಟುವ ಆ ಗುಂಪುಗಳೇ ಮಿಸೆಲ್. ಅಲ್ಲಿಂದಾಚೆ ಎಷ್ಟು ಸಾಬೂನು ಸುರಿದರೂ ಕಲ್ಲಿನ ಮೇಲಿನ ಪದರ ಹೆಚ್ಚುವುದಿಲ್ಲ. ದುಪ್ಪಟ್ಟು ಪುಡಿ ಹಾಕಿ ಬಟ್ಟೆ ನೆನೆಸುವವರು ಈ ನಾಲ್ಕನೆಯ ಹಂತವನ್ನು ನೆನಪಿಡಬಹುದು.

ಆದರೆ ಮೈಮೇಲಿನ ಗುಂಪಿನ ಆಕಾರ ಎಂಥದು? ಇಲ್ಲಿ ವಿದ್ವಾಂಸರು ಬಹುಕಾಲ ಒಮ್ಮತಕ್ಕೆ ಬರಲಿಲ್ಲ. 1955ರಲ್ಲೇ ಗಾಡಿನ್ ಮತ್ತು ಫ್ಯೂರ್ಸ್ಟೆನೌ ಬೆಣಚಿನ ಮೇಲಿನ ಅಮೈನ್ ಎಂಬ ಧನ ತಲೆಯ ಅಣುವಿನ ಕುರಿತು ಬರೆಯುತ್ತ ಅದನ್ನು ಅರೆ ಮಿಸೆಲ್ ಎಂಬ ಅರ್ಥದಲ್ಲಿ ಕರೆದಿದ್ದರು. ತಲೆ ಕಲ್ಲಿಗೆ, ಬಾಲ ನೀರಿಗೆ, ಒಂದೇ ಪದರ. 1980ರ ದಶಕದಲ್ಲಿ ಇನ್ನೊಂದು ಪಂಗಡ ಅಲ್ಲ, ಅದು ಶುರುವಿನಿಂದಲೇ ಎರಡು ಪದರದ ರೊಟ್ಟಿ ಎಂದು ವಾದಿಸಿತು. ಎರಡೂ ಕಡೆಯವರ ಚಿತ್ರಗಳು ಬರೀ ಲೆಕ್ಕದಿಂದ ಬಿಡಿಸಿದವು. 1995ರಲ್ಲಿ ಶ್ರೀನಿವಾಸ್ ಮನ್ನೆ ಮತ್ತು ಹರ್ಮನ್ ಗೌಬ್ ಪರಮಾಣು ಬಲದ ಸೂಕ್ಷ್ಮದರ್ಶಕದ ಸೂಜಿಯಿಂದ ಆ ಪದರವನ್ನೇ ಸವರಿ ನೋಡಿದರು. ಒಂದೇ ಧನ ತಲೆಯ ಅಣು ಗ್ರಾಫೈಟಿನ ಮೇಲೆ ಉದ್ದಕ್ಕೆ ಸೀಳಿದ ಕೊಳವೆಗಳಂತೆ, ಅಭ್ರಕದ ಮೇಲೆ ಪೂರ್ತಿ ಕೊಳವೆಗಳಂತೆ, ಸಿಲಿಕಾದ ಮೇಲೆ ಗೋಲಿಗಳಂತೆ ಕೂತಿತ್ತು. ಹಳೆಯ ಜಗಳ ಅಲ್ಲಿಗೆ ಬಹುಪಾಲು ಅರ್ಥ ಕಳೆದುಕೊಂಡಿತು. ಗುಂಪಿನ ಆಕಾರದಲ್ಲೂ ಅಚ್ಚು ಕಲ್ಲಿನದೇ.

ಎರೆಮಣ್ಣಿನ ಕಡೆ ಬಂದರೆ ಆಟ ತಲೆಕೆಳಗು. ಬಟ್ಟೆ ಪುಡಿಯ ಋಣ ಅಣುವನ್ನು ಅದು ಹತ್ತಿರ ಬಿಟ್ಟುಕೊಳ್ಳುವುದು ಕಡಿಮೆ. ಧನ ತಲೆಯದು ಬಂದರೆ ಮಾತ್ರ ಎರಡೂ ಕೈ ಚಾಚುತ್ತದೆ. ಜೇಡಿಯ ಹಾಳೆಗಳ ನಡುವೆ ಕೂತಿರುವ ಕ್ಯಾಲ್ಸಿಯಂ, ಸೋಡಿಯಂಗಳನ್ನು ಹೊರದೂಡಿ ಅಣು ಒಳಗೇ ಬಿಡಾರ ಹೂಡುತ್ತದೆ. ಒಳಮೈ ಸೇರಿಸಿದರೆ ಶುದ್ಧ ಮಾಂಟ್‌ಮೊರಿಲ್ಲೊನೈಟಿನ ಒಂದು ಗ್ರಾಮಿಗೆ 600ರಿಂದ 800 ಚದರ ಮೀಟರ್ ವಿಸ್ತಾರ. 100 ಗ್ರಾಂ ಜೇಡಿಯಲ್ಲಿ ಅದಲುಬದಲಾಗಬಲ್ಲ ಆವೇಶ 100 ಮಿಲಿ ಈಕ್ವಿವಲೆಂಟ್ ಎಂದು ಹಿಡಿದರೆ, ಹದಿನಾರು ಇಂಗಾಲದ ಬಾಲವಿರುವ ಧನ ಅಣು ಸುಮಾರು 28 ಗ್ರಾಂ ಅದರೊಳಗೆ ಸೇರಿಕೊಳ್ಳಬಹುದು. ಹೊಲದ ಮಣ್ಣು ಶುದ್ಧ ಜೇಡಿಯಲ್ಲ, ಅಷ್ಟು ಹಿಡಿಯದು. ಆದರೂ ಹಿಡಿದದ್ದನ್ನು ಬಿಡುವುದು ನಿಧಾನ.

ಹಾಗೆ ಹಿಡಿದ ಜೇಡಿ ತನ್ನ ಜಾತಿಯನ್ನೇ ಬದಲಿಸುತ್ತದೆ. ನೀರಿಗೆ ಉಬ್ಬುತ್ತಿದ್ದದ್ದು ನೀರನ್ನು ಒಲ್ಲೆ ಎನ್ನುತ್ತದೆ, ಎಣ್ಣೆಗೆ ಉಬ್ಬುತ್ತದೆ. 1949ರಲ್ಲಿ ಜೋರ್ಡಾನ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಇದನ್ನು ಕ್ರಮಬದ್ಧವಾಗಿ ತೋರಿಸಿದ ಮೇಲೆ ಇಂಥ ಜೇಡಿ ಬಣ್ಣ, ಗ್ರೀಸ್, ತೈಲಬಾವಿಯ ಕೆಸರು ಎಲ್ಲದರಲ್ಲೂ ಸೇರಿಕೊಂಡಿತು. ಇದರ ಮನೆಮಟ್ಟದ ತಮ್ಮನನ್ನು ಹಿಂದಿನ ತಲೆಮಾರಿನ ಹೆಂಗಸರು ಬಲ್ಲರು. ಎರೆಮಣ್ಣು ಕಲಸಿ ತಲೆಗೆ ಹಚ್ಚಿ ತೊಳೆದರೆ ಎಣ್ಣೆಜಿಡ್ಡು ಮಣ್ಣಿಗೆ ಹತ್ತಿ ಹೋಗುತ್ತಿತ್ತು. ಸಾಬೂನು ಮಣ್ಣಿಗೆ ಹತ್ತುವ ಕತೆಗೆ ಇದು ಕನ್ನಡಿಯ ಬಿಂಬ.

ಹೊಲಕ್ಕೆ ಬಚ್ಚಲ ನೀರು ಹರಿಸುವವರು ಮಾತ್ರ ಇಲ್ಲಿ ತುಸು ನಿಲ್ಲಬೇಕು. 2006ರಲ್ಲಿ ಇಸ್ರೇಲಿನ ಸಂಶೋಧಕರು ಸಾಬೂನು ಬೆರೆತ ಮನೆನೀರನ್ನು ಮತ್ತೆ ಮತ್ತೆ ಉಣಿಸಿದ ಮಣ್ಣು ನೀರನ್ನು ದೂಡತೊಡಗಬಹುದೆಂದು ತೋರಿಸಿದರು. ಅವರದು ಹೆಚ್ಚಾಗಿ ಮರಳು ನೆಲದ ಅನುಭವ. ಎರೆಮಣ್ಣಿಗೆ ಅದನ್ನು ನೇರ ಹೊಂದಿಸಲಾಗದು. ಆದರೆ ಬಟ್ಟೆ ಪುಡಿಯ ಸೋಡಿಯಂ ಎರೆಮಣ್ಣಿನ ಕ್ಯಾಲ್ಸಿಯಂ ಜಾಗಕ್ಕೆ ಬಂದು ಮಣ್ಣನ್ನು ಅಂಟಾಗಿಸುತ್ತದೆಂಬುದು ಬೇರೆಯೇ ದೂರು. ನನ್ನ ಮಟ್ಟಿಗೆ ನೊರೆಗಿಂತ ಅದೇ ಹೆಚ್ಚು ಅಂಜಿಕೆಯ ವಿಷಯ.

ಪುಣೆ ಹೈದರಾಬಾದ್ ಹೆದ್ದಾರಿ 65 ಈ ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಅಲ್ಲಿ ಡಾಂಬರ್ ಕೆಲಸ ನಡೆಯುವಾಗ ನಿಂತು ನೋಡಿದವರಿಗೆ ಅಧಿಶೋಷಣೆ ಕಣ್ಣಿಗೇ ಕಾಣುತ್ತದೆ. ಹೊಸ ಪದರ ಹಾಕುವ ಮುನ್ನ ಹಳೆ ರಸ್ತೆಗೆ ಒಂದು ಕಂದು ದ್ರವ ಸಿಂಪಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಕಪ್ಪಾಗುತ್ತದೆ. ‘ಒಡೀತು’ ಎನ್ನುತ್ತಾರೆ. ಅದು ನೀರಿನಲ್ಲಿ ಡಾಂಬರಿನ ಸಣ್ಣ ಹನಿಗಳು ತೇಲುವ ಎಮಲ್ಷನ್. ಹನಿಗಳ ಸುತ್ತ ಧನ ತಲೆಯ ಅಮೈನ್ ಅಣುಗಳ ಕಾವಲು. ಭಾರತೀಯ ಮಾನಕ 8887 ಹೇಳುವುದು ಈ ಧನ ಬಗೆಯ ಎಮಲ್ಷನ್ನನ್ನೇ. ಕಲ್ಲಿನ ಋಣ ಮೈ ಕಂಡೊಡನೆ ಕಾವಲಿನ ಅಣುಗಳು ಅದಕ್ಕೆ ಹತ್ತುತ್ತವೆ, ಹನಿಗಳು ಒಂದಾಗುತ್ತವೆ, ನೀರು ಬೇರೆಯಾಗಿ ಆರುತ್ತದೆ. ಕಂದು ಕಪ್ಪಾಗುವುದು ಆ ಕ್ಷಣದಲ್ಲಿ.

ಬಿಸಿ ಡಾಂಬರಿನ ಕತೆಯಲ್ಲಿ ಶತ್ರು ನೀರು. ಖಡಿಯ ಮೈಗೆ ಡಾಂಬರಿಗಿಂತ ನೀರೇ ಹೆಚ್ಚು ಪ್ರೀತಿ. ಮಳೆಗಾಲದಲ್ಲಿ ನೀರು ನುಸುಳಿ ಡಾಂಬರನ್ನು ಸುಲಿಯುತ್ತದೆ, ಖಡಿ ಬೆತ್ತಲಾಗಿ ಎದ್ದುಬರುತ್ತದೆ, ಗುಂಡಿ ಬೀಳುತ್ತದೆ. ಸಿಲಿಕಾ ಹೆಚ್ಚಿರುವ ದಕ್ಷಿಣದ ಗ್ರಾನೈಟಿಗೆ ಈ ಕಾಟ ಹೆಚ್ಚು. ನಮ್ಮ ಕಪ್ಪು ಶಿಲೆಯ ಖಡಿ ಆ ಮಟ್ಟಿಗೆ ಡಾಂಬರಿಗೆ ಒಳ್ಳೆಯ ಸಂಗಾತಿ. ಹಾಗಿದ್ದೂ ನಮ್ಮ ರಸ್ತೆಗಳಿಗೆ ಗುಂಡಿ ಏಕೆ ಎಂದು ಕೇಳಿದರೆ, ತಪ್ಪನ್ನೆಲ್ಲ ಕಲ್ಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದಷ್ಟೇ ಹೇಳಬಲ್ಲೆ. ಒಂದು ಕಾರಣವಂತೂ ರಸಾಯನದ್ದೇ. ಕೊಳೆತ ಶಿಲೆಯ ಖಡಿಗೆ ಜೇಡಿಯ ದೂಳು ಮೆತ್ತಿದ್ದರೆ ಡಾಂಬರು ಹತ್ತುವುದು ದೂಳಿಗೆ, ಕಲ್ಲಿಗಲ್ಲ. ಭಾರತೀಯ ಮಾನಕ 6241ರ ಪರೀಕ್ಷೆಯಲ್ಲಿ ಡಾಂಬರು ಬಳಿದ ಖಡಿಯನ್ನು 40 ಡಿಗ್ರಿ ನೀರಿನಲ್ಲಿ 24 ಗಂಟೆ ಮುಳುಗಿಸಿಟ್ಟು ಎಷ್ಟು ಸುಲಿದಿದೆ ಎಂದು ಕಣ್ಣಳತೆಯಲ್ಲಿ ನೋಡುತ್ತಾರೆ. ಸುಲಿತ ಮಿತಿ ಮೀರಿದರೆ ಡಾಂಬರಿಗೆ ಅಮೈನ್ ಬಗೆಯ ಸರ್ಫ್ಯಾಕ್ಟಂಟ್ ಚೂರು ಬೆರೆಸುತ್ತಾರೆ, ಇಲ್ಲವೆ ಸುಣ್ಣ. ತಲೆ ಕಲ್ಲಿಗೆ, ಬಾಲ ಡಾಂಬರಿಗೆ. ನಡುವೆ ನೀರಿಗೆ ಜಾಗ ಸಿಗುವುದಿಲ್ಲ.

ಗಣಿಗಳಲ್ಲಿ ಇದೇ ವಿದ್ಯೆ ಕೋಟಿಗಟ್ಟಲೆ ಟನ್ನಿನ ವ್ಯಾಪಾರ. 1925ರಲ್ಲಿ ಅದಿರಿನ ಮೈಗೆ ಹತ್ತುವ ಕ್ಸಾಂಥೇಟ್ ಎಂಬ ರಾಸಾಯನಿಕಕ್ಕೆ ಕೆಲ್ಲರ್ ಎಂಬವರಿಗೆ ಪೇಟೆಂಟ್ ಸಿಕ್ಕ ಮೇಲೆ ತಾಮ್ರದಂಥ ಅದಿರುಗಳನ್ನು ಗುಳ್ಳೆಗಂಟಿಸಿ ತೇಲಿಸುವುದು ಜಗತ್ತಿನಲ್ಲೆಲ್ಲ ಹಬ್ಬಿತು. ಚಿತ್ರದುರ್ಗದ ಇಂಗಳದಾಳದ ತಾಮ್ರ ಹೀಗೇ ಬೇರೆಯಾಗುತ್ತಿತ್ತು. 2005ರ ಕೊನೆಯ ದಿನ ಗಣಿಗಾರಿಕೆ ನಿಂತ ಕುದುರೆಮುಖದಲ್ಲಿ ಉಲ್ಟಾ ಪದ್ಧತಿಯೂ ಇತ್ತು. ಅಮೈನ್ ಹತ್ತಿಸಿ ಬೇಡದ ಸಿಲಿಕಾವನ್ನೇ ತೇಲಿಸಿ ತೆಗೆದು ಕಬ್ಬಿಣವನ್ನು ತಳದಲ್ಲಿ ಉಳಿಸಿಕೊಳ್ಳುವುದು. ತೈಲಬಾವಿಯವರ ಗೋಳು ಇದಕ್ಕೆ ತದ್ವಿರುದ್ಧ. ಬಂಡೆಯೊಳಗಿನ ಎಣ್ಣೆ ಬಿಡಿಸಲು ಸುರಿದ ದುಬಾರಿ ಸರ್ಫ್ಯಾಕ್ಟಂಟ್ ದಾರಿಯಲ್ಲೇ ಬಂಡೆಗೆ ಹತ್ತಿ ಖರ್ಚಾಗುತ್ತದೆ. ಅದಕ್ಕೆ ಜೊತೆಗೆ ಸೋಡಾದಂಥ ಕ್ಷಾರ ಕಳಿಸುತ್ತಾರೆ, ಬಂಡೆಯ ಮೈ ಋಣವಾಗಲಿ, ಅಣು ಹತ್ತದಿರಲಿ ಎಂದು. ರಾಜಸ್ಥಾನದ ಬಾರ್ಮೇರ್‌ನ ಮಂಗಳಾ ಕ್ಷೇತ್ರದಲ್ಲಿ ಈ ಪ್ರಯೋಗ ನಡೆದಿದೆ. ಸವಳು ನೀರಿನ ಉಬ್ಬೆಯನ್ನೇ ಎಂಜಿನಿಯರುಗಳು ಭೂಮಿಯೊಳಗೆ ಹೂಡಿದರು ಎನ್ನಬಹುದು.

ಉಳಿದದ್ದು ಕುಡಿಯುವ ನೀರಿನ ಪ್ರಶ್ನೆ. ಜಂಬಿಟ್ಟಿಗೆ ತೂತುತೂತಾದ ಕಲ್ಲು. ಮಳೆ ಅದರಲ್ಲಿ ಇಳಿದು, ಕೆಳಗಿನ ಜೇಡಿ ಮತ್ತು ಕಪ್ಪು ಶಿಲೆಯ ಮೇಲೆ ತಡೆದು, ದಿಬ್ಬದ ಬುಡದಲ್ಲಿ ಝರಿಯಾಗಿ ಒಸರುತ್ತದೆ. ಬೀದರಿನ ಝರಿಗಳು, ನೌಬಾದಿನ ಸುರಂಗ ಬಾವಿ ಬದುಕಿದ್ದು ಈ ಗಡಿಯ ನೀರಿನಿಂದ. ದಿಬ್ಬದ ಮೇಲಿನ ಬಚ್ಚಲ ನೀರೂ ಇಳಿಯುವುದು ಅದೇ ಹಾದಿಯಲ್ಲಿ. ಕುಡಿಯುವ ನೀರಿನ ಮಾನಕ 10500 ಋಣ ಡಿಟರ್ಜೆಂಟಿಗೆ ಲೀಟರಿಗೆ 0.2 ಮಿಲಿಗ್ರಾಂ ಮಿತಿ ಹಾಕಿದೆ, ಬೇರೆ ನೀರೇ ಇಲ್ಲದ ಕಡೆ 1 ಮಿಲಿಗ್ರಾಂ. ಅಳೆಯುವುದು ಮೆಥಿಲೀನ್ ಬ್ಲೂ ಎಂಬ ಧನ ಬಣ್ಣದಿಂದ. ಖಡಿಯ ದೂಳಿನಲ್ಲಿ ಉಬ್ಬುವ ಜೇಡಿ ಎಷ್ಟಿದೆ ಎಂದು ಪತ್ತೆ ಮಾಡಲೂ ಅದೇ ಬಣ್ಣ.

ಕೆಂಪು ಕಲ್ಲಿನ ಧನ ಮೈ ಆ ಡಿಟರ್ಜೆಂಟನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಗಾಳಿಯಾಡುವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಕೆಲವು ವಾರಗಳಲ್ಲಿ ಅದನ್ನು ತಿಂದು ಮುಗಿಸುತ್ತವೆ ಎಂದು ಸಮಾಧಾನ ಪಟ್ಟುಕೊಳ್ಳಬಹುದೇ? ಶುದ್ಧ ಅಲ್ಯೂಮಿನಾದ ಪ್ರಬಂಧ ಓದಿದರೆ ಹೌದು ಎನಿಸುತ್ತದೆ. ಆದರೆ ಬಚ್ಚಲ ನೀರು ಪುಡಿಯ ಜೊತೆ ಸೋಡಾವನ್ನೂ ಹೊತ್ತು ಬರುತ್ತದೆ. ಸೋಡಾ ಕಲ್ಲಿನ ಧನವನ್ನು ಅಳಿಸುತ್ತದೆ. ಗೊಬ್ಬರದ ಫಾಸ್ಫೇಟ್ ಮೊದಲೇ ಬಂದು ಆ ಜಾಗ ಹಿಡಿದಿರುತ್ತದೆ. ಎಲೆ ಕೊಳೆತ ಹ್ಯೂಮಸ್ ಕಲ್ಲಿನ ಮೈಗೆ ಕಂಬಳಿ ಹೊದಿಸಿರುತ್ತದೆ. ಇನ್ನೊಂದೆಡೆ ಗಡಸು ನೀರಿನ ಕ್ಯಾಲ್ಸಿಯಂ ಅಣುವನ್ನೂ ಋಣ ಜೇಡಿಯನ್ನೂ ಸೇತುವೆಯಾಗಿ ಕೂಡಿಸಿ, ಹತ್ತಬಾರದ ಎರೆಮಣ್ಣಿಗೂ ಹತ್ತಿಸಬಲ್ಲದು. ಬ್ಯಾಳಿ ಬೇಯದ ಬಾವಿನೀರಿನ ಊರುಗಳಲ್ಲಿ ಈ ಸೇತುವೆಗೆ ಕ್ಯಾಲ್ಸಿಯಂ ಬರ ಬರುವುದಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚಿನ ಪ್ರಯೋಗಶಾಲೆಯ ಕೆಲಸ ಹೆಚ್ಚಿನ ಪಾಲು ಒಂದೇ ಖನಿಜ, ಒಂದೇ ಸರ್ಫ್ಯಾಕ್ಟಂಟ್, ಬಟ್ಟಿ ಇಳಿಸಿದ ನೀರಿನ ಮೇಲೆ ನಿಂತಿದೆ. ದಿಬ್ಬದ ಬುಡದ ಝರಿಗೆ ಬಂದು ಕೊಡ ತುಂಬುವ ನೀರು ಇವೆಲ್ಲವನ್ನೂ ಒಟ್ಟಿಗೆ ದಾಟಿ ಬಂದಿರುತ್ತದೆ.